ಕಮ್ಯುನಿಟಿ ಕಾಲೇಜಿಗೆ ಹೋದರೆ ಮಗಳು ಡಾಕ್ಟರ್ ಆಗಲಾರಳೇ?

ಪ್ರಶ್ನೆ: ನಾವು ಮೈಸೂರಿನವರು. ಮಗಳಿಗೆ ಐದು ವರ್ಷವಿದ್ದಾಗ ಕ್ಯಾಲಿಫೋರ್ನಿಯಾಗೆ ಬಂದವರು, ಈಗ ಸನ್ನಿವೇಲ್‌ನಲ್ಲಿದ್ದೇವೆ. ಈಚೆಗೆ ಗ್ರೀನ್ ಕಾರ್ಡ್ ಬಂತು. ಮಗಳು ಈ ವರ್ಷ ಹೈಸ್ಕೂಲ್ ಮುಗಿಸಿದಳು. ಚಿಕ್ಕಂದಿನಿಂದಲೂ ಅವಳದು ಒಂದೇ ಹಟ, ಡಾಕ್ಟರ್ ಆಗಬೇಕು ಅಂತ. ಅವಳು ಹತ್ತನೇ ತರಗತಿಯಲ್ಲಿದ್ದಾಗ ನನಗೆ ದೊಡ್ಡ ಕಾಯಿಲೆಯಾಗಿ ಆರು ತಿಂಗಳು ಆಸ್ಪತ್ರೆ ಓಡಾಟವಾಯಿತು. ಆ ವರ್ಷ ಅವಳ ಅಂಕ ಕುಸಿಯಿತು. ಆಮೇಲೆ ಸುಧಾರಿಸಿಕೊಂಡಳು. ಆದರೂ ಅರ್ಜಿ ಹಾಕಿದ ಯುಸಿಗಳು (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್ಸುಗಳು) ಯಾವುವೂ ಸೀಟು ಕೊಡಲಿಲ್ಲ. ಪದವಿ ಮತ್ತು ವೈದ್ಯಕೀಯ ಎರಡಕ್ಕೂ ಒಟ್ಟಿಗೇ ಸೀಟು ಕೊಡುವ ಬಿಎಸ್-ಎಂಡಿ ಕೋರ್ಸುಗಳಿಂದ ಸಂದರ್ಶನಕ್ಕೂ ಕರೆ ಬರಲಿಲ್ಲ. ಪೂರ್ವ ತೀರದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಮಾತ್ರ ಸಿಕ್ಕಿದೆ. ಅಲ್ಲಿ ಊಟ, ವಸತಿ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟುತ್ತದೆ. ನಮ್ಮ ಯಜಮಾನರು ಕೆಲಸ ಕಳೆದುಕೊಂಡು, ಈಗ ಕಾಂಟ್ರ್ಯಾಕ್ಟ್ ಮೇಲೆ ದುಡಿಯುತ್ತಿದ್ದಾರೆ.

ಮಗಳು, ‘ಅಮ್ಮ, ನಾನು ಡಿ ಆಂಜಾ ಕಮ್ಯುನಿಟಿ ಕಾಲೇಜಿಗೆ ಹೋಗ್ತೀನಿ, ಎರಡು ವರ್ಷ ಆದ ಮೇಲೆ ಯುಸಿಗೆ ಟ್ರಾನ್ಸ್‌ಫರ್ ಆಗ್ತೀನಿ’ ಅನ್ನುತ್ತಾಳೆ. ಅವಳಿಗೆ ಆ ಕಾಲೇಜು ಹೊಸದಲ್ಲ. ಹನ್ನೊಂದನೇ ತರಗತಿಯ ಬೇಸಿಗೆ ರಜೆಯಲ್ಲಿ ಅಲ್ಲಿ ಒಂದು ಸೈಕಾಲಜಿ ಕ್ಲಾಸ್ ತೆಗೆದುಕೊಂಡು ‘ಸಿ’ ಬಂದಿತ್ತು, ಅದೇನೂ ಲೆಕ್ಕಕ್ಕಿಲ್ಲ ಬಿಡಿ. ನನ್ನ ಭಯ ಬೇರೆ. ಅಲ್ಲಿ ಓದಿದವರನ್ನು ಮೆಡಿಕಲ್ ಸ್ಕೂಲಿನವರು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಇಲ್ಲಿಯ ಗೆಳತಿಯರು ಹೇಳುತ್ತಾರೆ. ಊರಿನಿಂದ ಭಾವನವರು ಫೋನ್ ಮಾಡಿ, ‘ಮಂಗಳೂರಿಗೋ ಬೆಂಗಳೂರಿಗೋ ಕಳಿಸು, ಎನ್‌ಆರ್‌ಐ ಕೋಟಾದಲ್ಲಿ ಎಂಬಿಬಿಎಸ್ ಮುಗಿಸಿಕೊಂಡು ಬರಲಿ’ ಅನ್ನುತ್ತಿದ್ದಾರೆ. ಕನ್ನಡ ಕೂಟಕ್ಕೆ ಹೋದರೆ, ‘ಮಗಳು ಯಾವ ಯೂನಿವರ್ಸಿಟಿ?’ ಎಂಬ ಪ್ರಶ್ನೆಗೆ ಹೆದರಿ ಮನೆಯಲ್ಲೇ ಉಳಿಯುತ್ತಿದ್ದೇನೆ. ಸಾಲ ಮಾಡಿಯಾದರೂ ಪೂರ್ವಕ್ಕೆ ಕಳಿಸಲೇ?
— ಹೆಸರು ಬೇಡ, ಸನ್ನಿವೇಲ್

ಉತ್ತರ: ಸಾಲ ಮಾಡಿ ಕಳಿಸಬೇಡಿ. ಮಗಳು ಹೇಳುತ್ತಿರುವುದು ವಿವೇಕದ ಮಾತು, ಅವಳನ್ನು ತಡೆಯಬೇಡಿ. ಕಮ್ಯುನಿಟಿ ಕಾಲೇಜಿನಿಂದ ಮೆಡಿಕಲ್ ಸ್ಕೂಲಿಗೆ ದಾರಿ ಇದೆ, ಅನೇಕರು ನಡೆದಿದ್ದಾರೆ. ಆದರೆ ಅದು ಎಚ್ಚರ ಬೇಡುವ ದಾರಿ. ನೀವು ‘ಲೆಕ್ಕಕ್ಕಿಲ್ಲ ಬಿಡಿ’ ಎಂದು ದಾಟಿಸಿದ ಆ ಒಂದು ‘ಸಿ’ಯಿಂದಲೇ ನಾನು ಶುರು ಮಾಡಬೇಕಾಗಿದೆ. ಏಕೆಂದರೆ ಅದು ಲೆಕ್ಕಕ್ಕಿದೆ. ನೀವು ವರ್ಷಗಳಿಂದ ಕೊರಗುತ್ತಿರುವ ಹತ್ತನೇ ತರಗತಿಯ ಅಂಕಗಳು ಮಾತ್ರ ಇನ್ನು ಯಾವ ಲೆಕ್ಕಕ್ಕೂ ಇಲ್ಲ.

ಇದನ್ನು ಬಿಡಿಸಿ ಹೇಳುತ್ತೇನೆ. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಮೂರನೇ ವರ್ಷಕ್ಕೆ ಸೇರುವ ವಿದ್ಯಾರ್ಥಿಯನ್ನು ಆರಿಸುವಾಗ ಯುಸಿಗಳು ನೋಡುವುದು ಕಾಲೇಜಿನ ಅಂಕಗಳನ್ನು, ಹೈಸ್ಕೂಲಿನದನ್ನಲ್ಲ. ಮುಂದೆ ಬಹುತೇಕ ಮೆಡಿಕಲ್ ಸ್ಕೂಲುಗಳಿಗೆ ಎಎಂಸಿಎಎಸ್ ಎಂಬ ಒಂದೇ ಅರ್ಜಿ ಹಾಕುತ್ತಾರೆ. ಅದರಲ್ಲೂ ಹೈಸ್ಕೂಲಿನ ಅಂಕ ಕೇಳುವುದಿಲ್ಲ. ನಿಮ್ಮ ಪತ್ರದ ಸಾಲುಗಳ ಹಿಂದೆ, ‘ನನ್ನ ಕಾಯಿಲೆಯಿಂದ ಮಗಳ ಭವಿಷ್ಯ ಹಾಳಾಯಿತು’ ಎಂಬ ಸಂಕಟ ನನಗೆ ಕಾಣಿಸಿತು. ಅದನ್ನು ಇವತ್ತೇ ಕೆಳಗಿಳಿಸಿ. ಆ ವರ್ಷದ ಅಂಕಗಳು ಅವಳ ಹೈಸ್ಕೂಲಿನ ಜೊತೆಗೇ ಮುಗಿದವು. ಕಮ್ಯುನಿಟಿ ಕಾಲೇಜು ಅವಳಿಗೆ ಕೊಡುತ್ತಿರುವುದು ಹೊಸ ಹಾಳೆ.

ಆದರೆ ಆ ಹಾಳೆಯ ಮೇಲೆ ಬರೆದದ್ದನ್ನು ಅಳಿಸಲಾಗುವುದಿಲ್ಲ. ಎಎಂಸಿಎಎಸ್ ಅರ್ಜಿಯಲ್ಲಿ ವಿದ್ಯಾರ್ಥಿ ಯಾವ ಕಾಲೇಜಿನಲ್ಲಿ, ಯಾವ ವಯಸ್ಸಿನಲ್ಲಿ ತೆಗೆದುಕೊಂಡಿರಲಿ, ಪ್ರತಿ ಕಾಲೇಜು ಕ್ಲಾಸನ್ನೂ ಬಿಡದೆ ತೋರಿಸಬೇಕು. ಹೈಸ್ಕೂಲಿನಲ್ಲಿದ್ದಾಗ ತೆಗೆದುಕೊಂಡದ್ದೂ ಸೇರುತ್ತದೆ. ಒಂದು ವಿಷಯದಲ್ಲಿ ಫೇಲಾಗಿ ಮತ್ತೆ ಓದಿ ‘ಎ’ ತೆಗೆದರೂ ಹಳೆಯದು ಹೋಗುವುದಿಲ್ಲ, ಎರಡೂ ಸರಾಸರಿಗೆ ಸೇರುತ್ತವೆ. ನಿಮ್ಮ ಮಗಳ ‘ಸಿ’ ಕೂಡ ಹಾಗೆಯೇ ಉಳಿಯುತ್ತದೆ. ಅದನ್ನು ಮತ್ತೆ ಓದಿ ತಿದ್ದೋಣವೆಂದರೆ ‘ಸಿ’ ಬಂದ ಕ್ಲಾಸನ್ನು ಮತ್ತೊಮ್ಮೆ ತೆಗೆದುಕೊಳ್ಳಲು ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳು ಸಾಮಾನ್ಯವಾಗಿ ಬಿಡುವುದಿಲ್ಲ. ಗಾಬರಿಯಾಗಬೇಡಿ. ಒಂದು 4 ಯೂನಿಟ್ಟಿನ ‘ಸಿ’ ಎಷ್ಟು ಭಾರವೆಂದು ಲೆಕ್ಕ ಹಾಕೋಣ. ಪದವಿಗೆ ಬೇಕಾದ 180 ಕ್ವಾರ್ಟರ್ ಯೂನಿಟ್ಟುಗಳಲ್ಲಿ ಉಳಿದ 176ರಲ್ಲಿ ಅವಳ ಸರಾಸರಿ 3.80 ಇದ್ದರೆ, ಈ ‘ಸಿ’ ಸೇರಿದಾಗ 3.76 ಆಗುತ್ತದೆ. ಮೇಲಾಗಿ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತಗಳ ಸರಾಸರಿಯನ್ನು ಬೇರೆಯಾಗಿ ಲೆಕ್ಕ ಹಾಕುತ್ತಾರೆ, ಸೈಕಾಲಜಿ ಅದರಲ್ಲಿ ಬರುವುದಿಲ್ಲ. ಒಂದನ್ನು ತಾಳಿಕೊಳ್ಳಬಹುದು. ಅಂಥವು ನಾಲ್ಕೈದಾದರೆ ಕಷ್ಟ. ವೈದ್ಯಕೀಯಕ್ಕೆ ಸೇರಿದವರ ಸರಾಸರಿ ಈಚಿನ ವರ್ಷಗಳಲ್ಲಿ 3.7 ದಾಟಿದೆ. ವರ್ಷಕ್ಕೆ ಸುಮಾರು 52 ಸಾವಿರ ಮಂದಿ ಅರ್ಜಿ ಹಾಕಿದರೆ ಎಂಡಿ ಸೀಟು ಸಿಗುವುದು 23 ಸಾವಿರದಷ್ಟು ಮಂದಿಗೆ.

‘ಕಮ್ಯುನಿಟಿ ಕಾಲೇಜು ಸುಲಭ, ಅಲ್ಲಿ ಆರಾಮಾಗಿ ಓದಿ ಆಮೇಲೆ ಯುಸಿಯಲ್ಲಿ ಗಂಭೀರವಾಗೋಣ’ ಎಂದುಕೊಂಡು ಹೋಗುವ ಮಕ್ಕಳೇ ಈ ದಾರಿಯಲ್ಲಿ ಎಡವುವುದು. ನಾನು ಹೆಚ್ಚು ಕಾಳಜಿಯಿಂದ ಹೇಳಬೇಕೆಂದಿರುವುದು ಇದನ್ನೇ. ಕಾಲೇಜಿನ ಹೆಸರಿಗಿಂತ ಅಲ್ಲಿಯ ಮೊದಲ ಕ್ವಾರ್ಟರಿನ ಗ್ರೇಡು ದೊಡ್ಡದು.

ಇನ್ನು ನಿಮ್ಮ ಗೆಳತಿಯರ ಮಾತು. ರಿಚರ್ಡ್ ಕಾರ್ಮೋನಾ ಎಂಬುವರು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬಡತನದಲ್ಲಿ ಬೆಳೆದು, ಹೈಸ್ಕೂಲ್ ಅರ್ಧಕ್ಕೆ ಬಿಟ್ಟು ಸೈನ್ಯಕ್ಕೆ ಸೇರಿ ವಿಯೆಟ್ನಾಂ ಯುದ್ಧಕ್ಕೆ ಹೋದವರು. ಹಿಂತಿರುಗಿ ಬ್ರಾಂಕ್ಸ್ ಕಮ್ಯುನಿಟಿ ಕಾಲೇಜಿಗೆ ಸೇರಿದರು. ಮುಂದೆ ಯುಸಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎಂಡಿ ಮಾಡಿ, 2002ರಿಂದ 2006ರವರೆಗೆ ಅಮೆರಿಕದ ಸರ್ಜನ್ ಜನರಲ್ ಆಗಿದ್ದರು. ಆಲ್‌ಫ್ರೆಡೊ ಕಿನ್ಯೋನೆಸ್-ಇನೊಹೋಸ ಮೆಕ್ಸಿಕೊದಿಂದ ಬರಿಗೈಲಿ ಬಂದು ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕೂಲಿ ಮಾಡಿದವರು. ಸ್ಟಾಕ್‌ಟನ್ನಿನ ಸ್ಯಾನ್ ಹೊವಾಕಿನ್ ಡೆಲ್ಟಾ ಕಾಲೇಜಿನಲ್ಲಿ ಓದು ಶುರು ಮಾಡಿ, ಬರ್ಕ್ಲಿಗೆ ಹೋಗಿ, ಅಲ್ಲಿಂದ ಹಾರ್ವರ್ಡ್ ಮೆಡಿಕಲ್ ಸ್ಕೂಲ್ ಸೇರಿದರು. ಇವತ್ತು ಹೆಸರಾಂತ ಮಿದುಳಿನ ಶಸ್ತ್ರವೈದ್ಯರು. ಇಬ್ಬರೂ ಅಸಾಮಾನ್ಯರು, ನಿಜ. ಎಲ್ಲರೂ ಹಾಗಾಗುತ್ತಾರೆಂದು ನಾನು ಹೇಳುವುದಿಲ್ಲ. ಆದರೆ ‘ಕಣ್ಣೆತ್ತಿಯೂ ನೋಡುವುದಿಲ್ಲ’ ಎಂಬ ಮಾತು ಸುಳ್ಳು ಎನ್ನಲು ಅವರ ಬದುಕು ಸಾಕು.

ಪೂರ್ತಿ ಸತ್ಯವನ್ನೂ ಹೇಳಬೇಕು. 2012ರಲ್ಲಿ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕಿದವರನ್ನು ಕುರಿತು ಮಾಡಿದ ಒಂದು ಅಧ್ಯಯನ ‘ಅಕಾಡೆಮಿಕ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸೀಟು ಪಡೆದವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಹಂತದಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಕ್ಲಾಸು ತೆಗೆದುಕೊಂಡವರಾಗಿದ್ದರು. ಇವರಲ್ಲಿ ಹೈಸ್ಕೂಲಿನಲ್ಲಿರುವಾಗ ಅಥವಾ ಬೇಸಿಗೆ ರಜೆಯಲ್ಲಿ ಒಂದೆರಡು ಕ್ಲಾಸು ಮಾಡಿದವರೂ ಸೇರಿದ್ದಾರೆ. ಹೈಸ್ಕೂಲ್ ಮುಗಿದ ಕೂಡಲೇ ಅಲ್ಲಿ ಓದು ಶುರು ಮಾಡಿದವರಿಗೆ ಮಾತ್ರ, ಅಂಕ ಸಮನಾಗಿದ್ದರೂ, ಸೀಟು ಸಿಗುವ ಸಾಧ್ಯತೆ ಉಳಿದವರಿಗಿಂತ ಕಡಿಮೆಯಿತ್ತು. ಇದು ನ್ಯಾಯವಲ್ಲ, ಆದರೆ ಇದೆ. ಅದಕ್ಕೆ ಎದುರಾಗಿ ನಿಮ್ಮ ಮಗಳು ಮಾಡಬಹುದಾದದ್ದೂ ಇದೆ: ‘ಸಣ್ಣ ಕಾಲೇಜಿನಲ್ಲಿ ಅಂಕ ತೆಗೆದವಳು ದೊಡ್ಡ ಕಡೆ ನಿಲ್ಲುತ್ತಾಳೆಯೇ?’ ಎಂಬ ಅನುಮಾನಕ್ಕೆ ಎಡೆಯಿಲ್ಲದಂತೆ ಯುಸಿಗೆ ಹೋದ ಮೇಲೆ ಬಯೋಕೆಮಿಸ್ಟ್ರಿ, ಜೆನೆಟಿಕ್ಸ್, ಫಿಸಿಯಾಲಜಿಯಂಥ ಮೇಲಿನ ಹಂತದ ವಿಜ್ಞಾನಗಳಲ್ಲಿ ಒಳ್ಳೆಯ ಗ್ರೇಡು ತೋರಿಸುವುದು. ಮೆಡಿಕಲ್ ಸ್ಕೂಲಿನ ಪ್ರವೇಶಕ್ಕೆ ಬರೆಯುವ ಎಂಕ್ಯಾಟ್ ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ಅಳತೆ, 472ರಿಂದ 528. ಅಲ್ಲಿ ಯಾರೂ ನಿನ್ನ ಕಾಲೇಜು ಯಾವುದು ಎಂದು ಕೇಳುವುದಿಲ್ಲ.

ಈಗ ಕ್ಲಾಸುಗಳ ವಿಚಾರ. ಇಲ್ಲಿ ತಪ್ಪು ಮಾಡುವವರು ಬಹಳ. ಒಂದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಎರಡು ಮೂರು ಬಗೆಯದಿರುತ್ತದೆ. ನರ್ಸಿಂಗ್ ಓದುವವರಿಗೆ ಒಂದು, ವಿಜ್ಞಾನದ ಪದವಿಗೆ ಹೋಗುವವರಿಗೆ ಇನ್ನೊಂದು. ಅವಳಿಗೆ ಬೇಕಾದದ್ದು ವಿಜ್ಞಾನದ ವಿದ್ಯಾರ್ಥಿಗಳ ಪೂರ್ತಿ ಸರಣಿ: ಮೂರು ಕ್ವಾರ್ಟರ್ ಜನರಲ್ ಕೆಮಿಸ್ಟ್ರಿ, ಮೂರು ಕ್ವಾರ್ಟರ್ ಜೀವಶಾಸ್ತ್ರ, ಎಲ್ಲಕ್ಕೂ ಲ್ಯಾಬು. ಒಂದು ಸರಣಿಯನ್ನು ಒಂದು ಕಾಲೇಜಿನಲ್ಲಿ ಶುರು ಮಾಡಿ ಇನ್ನೊಂದರಲ್ಲಿ ಮುಗಿಸಲು ಹೋಗಬಾರದು, ಎರಡರ ಪಾಠಗಳು ಒಂದಕ್ಕೊಂದು ಹೊಂದದೆ ಅಡಕತ್ತರಿಗೆ ಸಿಕ್ಕಿಕೊಳ್ಳುತ್ತಾಳೆ. ಡಿ ಆಂಜಾದ ಯಾವ ಕ್ಲಾಸು ಯಾವ ಯುಸಿಯ ಯಾವ ಪದವಿಗೆ ಸಲ್ಲುತ್ತದೆ ಎಂಬುದು ‘ಅಸಿಸ್ಟ್’ ಎಂಬ ರಾಜ್ಯದ ಅಧಿಕೃತ ಜಾಲತಾಣದಲ್ಲಿದೆ. ಅದನ್ನು ತೆರೆದಿಟ್ಟುಕೊಳ್ಳದೆ ಒಂದು ಕ್ಲಾಸಿಗೂ ಹೆಸರು ಹಚ್ಚಬಾರದು.

ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನು ಕಮ್ಯುನಿಟಿ ಕಾಲೇಜಿನಲ್ಲೇ ಮುಗಿಸಬೇಕೇ, ಯುಸಿಗೆ ಉಳಿಸಿಕೊಳ್ಳಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಕೆಲವು ಮೆಡಿಕಲ್ ಸ್ಕೂಲುಗಳು ಮುಖ್ಯ ವಿಜ್ಞಾನಗಳನ್ನು ನಾಲ್ಕು ವರ್ಷದ ವಿಶ್ವವಿದ್ಯಾಲಯದಲ್ಲೇ ಓದಿದರೆ ಮೇಲು ಎನ್ನುತ್ತವೆ, ಹಲವು ತಲೆ ಕೆಡಿಸಿಕೊಳ್ಳುವುದಿಲ್ಲ. ಪ್ರತಿ ಶಾಲೆಯ ನಿಯಮ ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘದ ಎಂಎಸ್‌ಎಆರ್ ಕೈಪಿಡಿಯಲ್ಲಿ ಸಿಗುತ್ತದೆ. ನನ್ನ ಅಭಿಪ್ರಾಯ ಇಷ್ಟು: ಅವಳು ಹೋಗಬೇಕೆಂದಿರುವ ಯುಸಿ ಪದವಿ, ಟ್ರಾನ್ಸ್‌ಫರ್‌ಗೆ ಮೊದಲೇ ಆರ್ಗ್ಯಾನಿಕ್ ಮುಗಿದಿರಲಿ ಎಂದು ಕೇಳಿದರೆ ಡಿ ಆಂಜಾದಲ್ಲೇ ಮಾಡಲಿ. ಟ್ರಾನ್ಸ್‌ಫರ್ ಸಿಗದೆ ಮೆಡಿಕಲ್ ಸ್ಕೂಲಿನ ಮಾತೇ ಬರುವುದಿಲ್ಲ. ಮೊದಲ ಕ್ವಾರ್ಟರಿನಲ್ಲಿ ಕೆಮಿಸ್ಟ್ರಿ, ಬಯಾಲಜಿ, ಕ್ಯಾಲ್ಕ್ಯುಲಸ್ ಮೂರನ್ನೂ ಒಟ್ಟಿಗೆ ಹೇರಿಕೊಳ್ಳುವುದು ಬೇಡ. ಕ್ವಾರ್ಟರ್ ಎಂದರೆ ಹನ್ನೆರಡು ವಾರ, ಎಚ್ಚರಗೊಳ್ಳುವ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ. ಎರಡು ಭಾರದ ವಿಷಯಗಳು, ಜೊತೆಗೊಂದು ಇಂಗ್ಲಿಷ್ ಸಾಕು. ಎರಡು ವರ್ಷಕ್ಕೆ ಮುಗಿಯದಿದ್ದರೆ ಮೂರಾಗಲಿ. ಎಂಡಿ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪದವಿಯ ನಂತರ ಒಂದೆರಡು ವರ್ಷ ಬಿಟ್ಟೇ ಸೇರುತ್ತಾರೆ. ಪಿಯುಸಿ ಮುಗಿದ ಮರುವರ್ಷವೇ ಸೀಟು ಸಿಗಬೇಕೆಂಬ ನಮ್ಮೂರಿನ ಅವಸರವನ್ನು ಇಲ್ಲಿಗೆ ತರಬೇಡಿ. ಇಲ್ಲಿ ವೈದ್ಯಕೀಯ ಶುರುವಾಗುವುದೇ ಪದವಿ ಮುಗಿದ ಮೇಲೆ.

ಟ್ರಾನ್ಸ್‌ಫರ್ ಬಗ್ಗೆ ಧೈರ್ಯ ತಂದುಕೊಳ್ಳಿ. 1960ರಲ್ಲಿ ಕ್ಯಾಲಿಫೋರ್ನಿಯಾ ಉನ್ನತ ಶಿಕ್ಷಣಕ್ಕೊಂದು ಮಾಸ್ಟರ್ ಪ್ಲ್ಯಾನ್ ಮಾಡಿದಾಗಲೇ, ಕಮ್ಯುನಿಟಿ ಕಾಲೇಜಿನಲ್ಲಿ ಓದಿದವರು ಯುಸಿಯ ಮೂರನೇ ವರ್ಷಕ್ಕೆ ಬರುವ ವ್ಯವಸ್ಥೆಯನ್ನು ಅದರೊಳಗೇ ಸೇರಿಸಿತು. ಸೀಟು ಸಿಗದವರಿಗೆಂದು ಕೊನೆಗೆ ತೆರೆದ ಹಿತ್ತಿಲ ಬಾಗಿಲಲ್ಲ ಇದು. ಇವತ್ತು ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಎಂಬ ಆರು ಯುಸಿಗಳು, ಗೊತ್ತುಪಡಿಸಿದ ಕ್ಲಾಸುಗಳನ್ನು ಗೊತ್ತುಪಡಿಸಿದ ಅಂಕದೊಡನೆ ಮುಗಿಸಿದವರಿಗೆ ಮೊದಲೇ ಸೀಟಿನ ಖಾತರಿ ಕೊಡುತ್ತವೆ. ಇದಕ್ಕೆ ‘ಟ್ಯಾಗ್’ ಎನ್ನುತ್ತಾರೆ. ಒಂದು ಕ್ಯಾಂಪಸ್ಸಿಗೆ ಮಾತ್ರ ಟ್ಯಾಗ್ ಹಾಕಬಹುದು, ಬರ್ಕ್ಲಿ, ಲಾಸ್ ಏಂಜಲೀಸ್ ಸೇರಿ ಉಳಿದವಕ್ಕೆ ಮಾಮೂಲು ಅರ್ಜಿ ಹಾಕಿಕೊಳ್ಳಬಹುದು. ಅಂಕದ ಮಿತಿ ಕ್ಯಾಂಪಸ್ಸಿಗೊಂದು, ವಿಷಯಕ್ಕೊಂದು, ಕೆಲವು ವಿಷಯಗಳಿಗೆ ಟ್ಯಾಗ್ ಇಲ್ಲವೇ ಇಲ್ಲ. ಆದ್ದರಿಂದ ಈಗಲೇ ನೋಡಿಟ್ಟುಕೊಳ್ಳಬೇಕು. ಡೇವಿಸ್ ಮೆಡಿಕಲ್ ಸ್ಕೂಲ್ ಕಮ್ಯುನಿಟಿ ಕಾಲೇಜಿನ ಮಕ್ಕಳನ್ನು ವೈದ್ಯಕೀಯದ ಕಡೆಗೆ ಕೈಹಿಡಿದು ನಡೆಸುವ ‘ಕ್ಯಾಲಿಫೋರ್ನಿಯಾ ಮೆಡಿಸಿನ್ ಸ್ಕಾಲರ್ಸ್’ ಯೋಜನೆಯ ಕೇಂದ್ರಗಳಲ್ಲೊಂದು. ವೈದ್ಯರಿಲ್ಲದ ಊರುಗಳಿಗೆ ವೈದ್ಯರನ್ನು ತಯಾರು ಮಾಡುವುದು ಅದರ ಗುರಿ. ನಿಮ್ಮ ಭಾಗದವರಿಗೆ ಅವಕಾಶವಿದೆಯೇ ಎಂದು ಮಗಳು ವಿಚಾರಿಸಲಿ.

ಹಣದ ಮಾತಿಗೆ ಬರೋಣ. ಡಿ ಆಂಜಾದಲ್ಲಿ ರಾಜ್ಯದ ನಿವಾಸಿಗಳಿಗೆ ಕ್ವಾರ್ಟರ್ ಯೂನಿಟ್ಟಿಗೆ 31 ಡಾಲರ್. ವರ್ಷಕ್ಕೆ 45 ಯೂನಿಟ್ ಓದಿದರೂ 1,395 ಡಾಲರ್, ಇತರ ಸಣ್ಣಪುಟ್ಟ ಶುಲ್ಕ, ಪುಸ್ತಕ ಬೇರೆ. ಮೊದಲ ಬಾರಿ ಕಾಲೇಜಿಗೆ ಸೇರಿ ಪೂರ್ಣಾವಧಿ ಓದುವವರಿಗೆ ‘ಕಾಲೇಜ್ ಪ್ರಾಮಿಸ್’ ಯೋಜನೆಯಲ್ಲಿ ಅದೂ ಮನ್ನಾ ಆಗಬಹುದು. ಇದರ ಎದುರು ಎರಡು ವರ್ಷಕ್ಕೆ 1 ಲಕ್ಷ 60 ಸಾವಿರ ಡಾಲರ್ ಇಟ್ಟು ನೋಡಿ. ಇನ್ನೂ ಒಂದು ಕಾರಣವಿದೆ. 2025ರಲ್ಲಿ ಬಂದ ಹೊಸ ಕಾನೂನಿನಂತೆ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಗ್ರ್ಯಾಡ್ ಪ್ಲಸ್ ಎಂಬ ಕೇಂದ್ರ ಸರ್ಕಾರದ ಸಾಲ ಇಲ್ಲ. ವೈದ್ಯಕೀಯ ಓದಿಗೆ ಸರ್ಕಾರದಿಂದ ಸಿಗುವ ಸಾಲ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರಿಗೆ ನಿಲ್ಲುತ್ತದೆ. ಖಾಸಗಿ ಮೆಡಿಕಲ್ ಸ್ಕೂಲಿನ ನಾಲ್ಕು ವರ್ಷದ ಖರ್ಚು 3 ಲಕ್ಷ ದಾಟುತ್ತದೆ. ನಡುವಿನ ಆ ಕಂದಕವನ್ನು ತುಂಬಲು ಅವಳಿಗೆ ನಿಮ್ಮ ಕೈಯ ಹಣ ಬೇಕಾಗುವುದು ಆಗ. ಈಗಲೇ ಖಾಲಿಯಾದರೆ, ಸೀಟು ಗೆದ್ದ ದಿನ ಅವಳು ಬ್ಯಾಂಕಿನ ಬಾಗಿಲಲ್ಲಿ ನಿಲ್ಲಬೇಕಾದೀತು.

ಭಾವನವರ ಸಲಹೆ ಪ್ರೀತಿಯದು, ಆದರೆ ಅವರಿಗೆ ನಿಮ್ಮ ಪರಿಸ್ಥಿತಿ ಪೂರ್ತಿ ಗೊತ್ತಿರಲಾರದು. ಎನ್‌ಆರ್‌ಐ ಸೀಟಿಗೂ ನೀಟ್ ಬರೆಯಬೇಕು. ಹನ್ನೊಂದು, ಹನ್ನೆರಡರಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರನ್ನೂ ಓದಿರಬೇಕು. ಇಲ್ಲಿಯ ಹೈಸ್ಕೂಲಿನಲ್ಲಿ ಮೂರನ್ನೂ ಹಾಗೆ ಓದಿದ ಮಕ್ಕಳು ಕಡಿಮೆ. ಶುಲ್ಕ ವರ್ಷಕ್ಕೆ ಹತ್ತಾರು ಲಕ್ಷ ರೂಪಾಯಿ. ನಿಮಗೆ ಈಗಷ್ಟೇ ಬಂದಿರುವ ಗ್ರೀನ್ ಕಾರ್ಡು, ಅವಳು ವರ್ಷಗಟ್ಟಲೆ ಹೊರದೇಶದಲ್ಲಿದ್ದರೆ ಅಪಾಯಕ್ಕೆ ಸಿಲುಕುತ್ತದೆ. ಎಂಬಿಬಿಎಸ್ ಮುಗಿಸಿ ಹಿಂತಿರುಗಿದರೂ ಯುಎಸ್‌ಎಂಎಲ್‌ಇ ಎಂಬ ಪರವಾನಗಿ ಪರೀಕ್ಷೆ ಬರೆದು, ರೆಸಿಡೆನ್ಸಿ ಎಂಬ ಆಸ್ಪತ್ರೆ ತರಬೇತಿಗಾಗಿ ಸ್ಪರ್ಧಿಸಬೇಕು. 2024ರಲ್ಲಿ ಅಮೆರಿಕದ ಎಂಡಿ ವಿದ್ಯಾರ್ಥಿಗಳಲ್ಲಿ ನೂರಕ್ಕೆ 93ಕ್ಕೂ ಹೆಚ್ಚು ಮಂದಿಗೆ ರೆಸಿಡೆನ್ಸಿ ಸಿಕ್ಕಿತು. ಹೊರದೇಶದಲ್ಲಿ ಓದಿ ಬಂದ ಅಮೆರಿಕದ ಪ್ರಜೆಗಳಲ್ಲಿ ಅದು 67, ಪ್ರಜೆಗಳಲ್ಲದವರಲ್ಲಿ ಇನ್ನೂ ಕಡಿಮೆ. ಕರ್ನಾಟಕದಲ್ಲೇ ವೈದ್ಯಳಾಗಿ ನೆಲೆಸುವ ಆಸೆ ಅವಳಿಗಿದ್ದರೆ ಮಾತು ಬೇರೆ. ಅವಳಿಗೆ ಹಾಗಿದೆಯೇ ಎಂದು ಯಾರಾದರೂ ಕೇಳಿದ್ದೀರಾ?

ಮನೆಯೊಳಗಿನ ವಿಷಯ ಒಂದಿದೆ. ಅವಳು ನಿಮ್ಮ ಜೊತೆಯೇ ಇದ್ದು ಓದುತ್ತಾಳೆ. ಹೈಸ್ಕೂಲಿನ ಹುಡುಗಿಯೆಂದೇ ಕಂಡು ಗ್ರೇಡು ವಿಚಾರಿಸುತ್ತ, ಮಾರ್ಕೆಟ್ಟಿಗೂ ಫಾರ್ಮಸಿಗೂ ಓಡಿಸುತ್ತ ಇದ್ದರೆ ಅವಳ ಕಾಲೇಜು ಜೀವನ ಮನೆಯ ಮೂಲೆಯಲ್ಲಿ ಮುಗಿಯುತ್ತದೆ. ತರಗತಿ ಮುಗಿದ ಮೇಲೆ ಅವಳು ಅಲ್ಲೇ ಉಳಿಯಬೇಕು. ಉಪನ್ಯಾಸಕರ ಆಫೀಸ್ ಅವರ್ಸ್‌ನಲ್ಲಿ ಹೋಗಿ ಕೂರಬೇಕು, ಕೇಳಬೇಕು. ಕಮ್ಯುನಿಟಿ ಕಾಲೇಜಿನ ದೊಡ್ಡ ವರ ಇದೇ. ಯುಸಿಯಲ್ಲಿ ನೂರಾರು ಮಕ್ಕಳು ಕೂರುವ ಸಭಾಂಗಣದಲ್ಲಿ ಸಿಗದ ಗುರು ಇಲ್ಲಿ ಹೆಸರು ಹಿಡಿದು ಕರೆಯುತ್ತಾರೆ. ಮೆಡಿಕಲ್ ಸ್ಕೂಲಿಗೆ ಬೇಕಾದ ಶಿಫಾರಸು ಪತ್ರಗಳಲ್ಲಿ ಒಂದಾದರೂ ಅಂಥವರಿಂದ ಬಂದರೆ ಅದರಲ್ಲಿ ಜೀವ ಇರುತ್ತದೆ.

ಆಸ್ಪತ್ರೆಯ ಅನುಭವವೂ ಬೇಕು. ವಾರಕ್ಕೆ ನಾಲ್ಕು ಗಂಟೆ ಸ್ವಯಂಸೇವೆ ಮಾಡಿದರೂ ಮೂರ್ನಾಲ್ಕು ವರ್ಷ ಎಡೆಬಿಡದೆ ಮಾಡಿದರೆ ಅದಕ್ಕೆ ತೂಕ ಬರುತ್ತದೆ. ಪಕ್ಕದ ಫುಟ್‌ಹಿಲ್ ಕಾಲೇಜಿನಲ್ಲಿ ಆಂಬುಲೆನ್ಸ್ ಸಿಬ್ಬಂದಿಗೆ ಕೊಡುವ ಇಎಂಟಿ ತರಬೇತಿ ಇದೆ. ಅದು ಮುಗಿದರೆ ಕೈಗೆ ಸಂಬಳವೂ ಬರುತ್ತದೆ, ರೋಗಿಯ ಮೈ ಮುಟ್ಟಿ ಕಲಿತದ್ದೂ ಆಗುತ್ತದೆ. ನಿಮ್ಮ ಹಾಸಿಗೆಯ ಪಕ್ಕ ಕೂತು ಕಳೆದ ಆ ತಿಂಗಳುಗಳಲ್ಲಿ ಅವಳು ಏನು ಕಂಡಳು ಎಂದು ಒಮ್ಮೆ ಕೇಳಿ. ನರ್ಸ್ ಹೇಳಿದ್ದು ನಿಮಗೆ ಅರ್ಥವಾಗದಾಗ ಕನ್ನಡದಲ್ಲಿ ವಿವರಿಸಿದವಳು ಅವಳೇ ಇರಬಹುದು. ವೈದ್ಯಳಾಗಬೇಕೆಂಬ ಆಸೆ ಬಾಲ್ಯದ ಮಾತಿನಿಂದ ನಿಜವಾದ ನಿರ್ಧಾರವಾದದ್ದು ಎಲ್ಲಿ ಎಂದು ಮುಂದೆ ಅವಳು ಅರ್ಜಿಯಲ್ಲಿ ಬರೆಯಬೇಕಾಗುತ್ತದೆ. ಬರೆಯುವಂಥದ್ದು ಅವಳ ಬಳಿ ಇದೆ ಎಂದು ನನಗನ್ನಿಸುತ್ತದೆ.

ಕನ್ನಡ ಕೂಟಕ್ಕೆ ಹೋಗಿ. ‘ಡಿ ಆಂಜಾದಲ್ಲಿ ಓದುತ್ತಾಳೆ, ಮುಂದೆ ಯುಸಿ’ ಎಂದು ಒಂದೇ ಉಸಿರಿನಲ್ಲಿ ಹೇಳಿ, ಮಗಳು ಪಕ್ಕದಲ್ಲಿದ್ದಾಗಲೇ ಹೇಳಿ. ನೀವು ಮುಚ್ಚಿಟ್ಟದ್ದು ಗೊತ್ತಾದರೆ ತಾನು ನಾಚಿಕೆಗೇಡಿನ ಕಡೆಗೆ ಹೋಗುತ್ತಿದ್ದೇನೆಂದು ಅವಳು ನಂಬುತ್ತಾಳೆ. ಹಾಗೆ ನಂಬಿದ ಹುಡುಗಿಗೆ ಮೊದಲ ಪರೀಕ್ಷೆಯಲ್ಲಿ ಕಡಿಮೆ ಬಂದರೆ ಎದ್ದು ನಿಲ್ಲುವುದು ಕಷ್ಟ.

ಈ ಪತ್ರ ಓದುವ ಇತರ ತಂದೆತಾಯಿಗಳಿಗೆ ಒಂದು ಮಾತು: ಮಗು ಇನ್ನೂ ಅವಲಂಬಿತರ ಎಚ್-4 ವೀಸಾದಲ್ಲಿದ್ದರೆ ಇಲ್ಲಿ ಬರೆದದ್ದನ್ನೆಲ್ಲ ಹಾಗೆಯೇ ಅನ್ವಯಿಸಿಕೊಳ್ಳಬೇಡಿ. 21 ತುಂಬಿದಾಗ ಆ ವೀಸಾ ಕೊನೆಗೊಳ್ಳುತ್ತದೆ. ಪ್ರಜೆಗಳೂ ಗ್ರೀನ್ ಕಾರ್ಡಿನವರೂ ಅಲ್ಲದವರ ಅರ್ಜಿಯನ್ನು ತೆಗೆದುಕೊಳ್ಳದ ಮೆಡಿಕಲ್ ಸ್ಕೂಲುಗಳು ಬಹಳ ಇವೆ. ವಲಸೆ ವಕೀಲರನ್ನು ಕಂಡ ಮೇಲೆ ಓದಿನ ಯೋಜನೆ ಮಾಡಿ.

ನಿಮ್ಮ ಮನೆಯಲ್ಲಿ ಈ ಬೇಸಿಗೆಗೆ ಇಷ್ಟು ಕೆಲಸ. ಡಿ ಆಂಜಾದ ಕೌನ್ಸೆಲರ್ ಜೊತೆ ಅವಳು ಸಮಯ ಗೊತ್ತುಮಾಡಿಕೊಂಡು, ‘ಜೀವಶಾಸ್ತ್ರ, ಯುಸಿ ಟ್ರಾನ್ಸ್‌ಫರ್, ಮುಂದೆ ವೈದ್ಯಕೀಯ’ ಎಂದು ಸ್ಪಷ್ಟವಾಗಿ ಹೇಳಿ ಲಿಖಿತ ಯೋಜನೆ ಮಾಡಿಸಿಕೊಳ್ಳಲಿ. ನೀವು ಜೊತೆಗೆ ಹೋಗಬೇಡಿ. ಎರಡನೇ ವರ್ಷ ಶುರುವಾಗುವ ಸೆಪ್ಟೆಂಬರ್ ತಿಂಗಳು ಟ್ಯಾಗ್ ಅರ್ಜಿಯದು, ನವೆಂಬರ್ ಮುಗಿಯುವುದರೊಳಗೆ ಯುಸಿ ಅರ್ಜಿ. ಎರಡನ್ನೂ ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಆ ಸೈಕಾಲಜಿ ಕ್ಲಾಸಿನದೂ ಸೇರಿ ಪ್ರತಿ ಕ್ಲಾಸಿನ ಪಠ್ಯಕ್ರಮದ ಪ್ರತಿಯನ್ನು ಒಂದು ಫೈಲಿನಲ್ಲಿ ಹಾಕಿಡುವ ಅಭ್ಯಾಸ ಮಾಡಿಕೊಳ್ಳಲಿ. ಐದು ವರ್ಷದ ನಂತರ ಯಾವುದೋ ಮೆಡಿಕಲ್ ಸ್ಕೂಲಿನವರು ‘ಈ ಕ್ಲಾಸಿನಲ್ಲಿ ಏನು ಓದಿದೆ?’ ಎಂದು ಕೇಳಿದರೆ ತೋರಿಸಲು ಬೇಕಾಗುತ್ತದೆ.